ಪಾಳಿಯ ಸಾಲನ್ನು ಅಳಿಸಿದ್ದು

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸುಲಭ, ನನಗೂ ಸುಲಭ. ತರಕಾರಿಯವನು "ಚಲೋ ಅದಾವೆ, ತಗಳ್ರಿ" ಅಂದರೆ "ಚಲೋ ಅಂದ್ರೆ ಎಂಥವು? ಎಷ್ಟು ದಿನ ಇರ್ತಾವೆ?" ಎಂದು ಕೇಳುವವಳು ನಾನು. ಅವ್ವ ನನ್ನ ಜೊತೆ ಮಾರ್ಕೆಟ್ಟಿಗೆ ಬರುವುದನ್ನೇ ಬಿಟ್ಟಿದ್ದಾಳೆ. "ನಿನ್ನ ಸಂಗಡ ಹೋದ್ರೆ ಊರಾಗೆ ಯಾರೂ ಮಾತಾಡ್ಸಂಗಿಲ್ಲ ಕಣೇ" ಎನ್ನುತ್ತಾಳೆ. ಆ ಕೆಟ್ಟ ಬುದ್ಧಿಗೇ ನನಗೆ ಸಂಬಳ ಬರುತ್ತದೆ.

ದಾವಣಗೆರೆಯ ಹದಡಿ ರಸ್ತೆಯಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇದೆ. ಹದಿನಾಲ್ಕು ಜನ ಇದ್ದೇವೆ. ಸಾಫ್ಟ್‌ವೇರ್ ಕಟ್ಟುವ ಮುಂಚೆ ಅದು ಏನೇನು ಮಾಡಬೇಕು ಎಂಬುದನ್ನು ಗಿರಾಕಿಗಳಿಂದ ಕೇಳಿ, ಒಂದೊಂದೇ ಸಾಲಾಗಿ ಬರೆದಿಡಬೇಕು. ರಿಕ್ವೈರ್‌ಮೆಂಟ್ ಅನ್ನುವುದು ಅದಕ್ಕೇ. ಆ ಸಾಲುಗಳನ್ನು ಬರೆಯುವುದು, ಬರೆದ ಮೇಲೆ ಒಂದೊಂದನ್ನೂ ಅನುಮಾನದಿಂದ ನೋಡುವುದು ನನ್ನ ಕೆಲಸ. "ಬೇಗ ತೆರೆಯಬೇಕು" ಎಂದು ಬರೆದಿದ್ದರೆ ಎಷ್ಟು ಸೆಕೆಂಡಿನಲ್ಲಿ ಎಂದು ಕೇಳಬೇಕು. "ಅನುಕೂಲವಾಗಿರಬೇಕು" ಎಂದಿದ್ದರೆ ಯಾರಿಗೆ ಎಂದು ಕೇಳಬೇಕು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವುದು ನಮ್ಮ ಗಿರಾಕಿಗಳಿಗೆ ಹುಟ್ಟುಗುಣ. ಆ ದೀಪವನ್ನು ಕಿತ್ತು ಯಾವ ಕಡೆಗೆ ಇಡುತ್ತೀರಿ ಹೇಳಿ ಎಂದು ಕೂರುವುದು ನನ್ನ ಗುಣ. ಹೀಗಾಗಿ ನನ್ನನ್ನು ಕಂಡರೆ ಯಾರಿಗೂ ಆಗುವುದಿಲ್ಲ.

ನಮ್ಮ ಕಂಪನಿಯ ಯಜಮಾನರು ಬಟ್ಟೆ ಅಂಗಡಿಯ ಮನೆತನದವರು. ಅವರ ಲೆಕ್ಕದಲ್ಲಿ ಸಾಫ್ಟ್‌ವೇರ್ ಅಂದರೆ ಥಾನಿನಿಂದ ಬಟ್ಟೆ ಹರಿದುಕೊಟ್ಟ ಹಾಗೆ. "ಗಿರಾಕಿ ಎಷ್ಟು ಮೀಟರ್ ಕೇಳಿದ್ನೋ ಅಷ್ಟು ಹರ್ದು ಕೊಡ್ರಿ ಮೇಡಂ. ಯಾಕ ಬೇಕು, ಯಾರಿಗೆ ಬೇಕು ಅಂತ ಕೇಳಾಕೆ ನೀವೇನ್ ಅವರ ಬೀಗರಾ?" ಎನ್ನುತ್ತಿದ್ದರು. ಅವರ ಬಾಯಿ ಮುಚ್ಚಿಸಲೆಂದೇ ನಾನು ನಮ್ಮ ಪಟ್ಟಿಗೆ ಒಂದು ಕಾಲಂ ಸೇರಿಸಿದ್ದೆ. ಅದರ ತಲೆಬರಹ "ಯಾರು ಹೇಳಿದ್ದು". ಹಿಂದೊಮ್ಮೆ ಗೊಬ್ಬರದ ಅಂಗಡಿಯವರೊಬ್ಬರು ಕೆಲಸ ಎಲ್ಲಾ ಮುಗಿದ ಮೇಲೆ "ಇದನ್ನ ನಾ ಯಾವಾಗ ಹೇಳಿದ್ದೆ?" ಎಂದು ಕೈ ಝಾಡಿಸಿದ್ದರು. ಅವತ್ತಿನಿಂದ ಒಂದು ನಿಯಮ ಮಾಡಿದೆ. ಪ್ರತಿ ಸಾಲಿನ ಎದುರಿಗೂ ಅದನ್ನು ಹೇಳಿದವರು ಯಾರೆಂದು ಇರಬೇಕು. ಇಲ್ಲದಿದ್ದರೆ ಆ ಸಾಲು ಪಟ್ಟಿಯಲ್ಲಿ ಇರಕೂಡದು. ಆ ಕಾಲಂ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಈ ಬರಹ ಆ ಕಾಲಂನಿಂದ ಒಬ್ಬ ಹೆಂಗಸು ಶುಕ್ರವಾರದ ಪಾಳಿ ಕಳೆದುಕೊಂಡಿದ್ದರ ಬಗ್ಗೆ. ಪಾಳಿ ಅಂದರೆ ಡಯಾಲಿಸಿಸ್ ಪಾಳಿ.

ಹರಿಹರದಲ್ಲಿ ಒಂದು ಟ್ರಸ್ಟಿನವರು ಡಯಾಲಿಸಿಸ್ ಕೇಂದ್ರ ನಡೆಸುತ್ತಾರೆ. ಆರು ಯಂತ್ರಗಳಿವೆ. ಕಿಡ್ನಿ ಕೈಕೊಟ್ಟವರು ವಾರಕ್ಕೆರಡು ಸಲ ಬಂದು ನಾಲ್ಕು ತಾಸು ಯಂತ್ರಕ್ಕೆ ಕೈ ಒಡ್ಡಿ ಮಲಗಬೇಕು. ಕುಡಿದ ನೀರು ಮೈಯೊಳಗೇ ನಿಲ್ಲುವ ಜೀವಗಳು ಅವು. ಒಂದು ಪಾಳಿ ತಪ್ಪಿದರೆ ಕಾಲು ಊದುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಪಾಳಿಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನಮಗೆ ಬಂತು.

ಕೇಂದ್ರದ ಮ್ಯಾನೇಜರ್ ಇಸ್ತ್ರಿ ಮುರಿಯದ ಮನುಷ್ಯ. ಮೊದಲ ದಿನವೇ ಎಲ್ಲಾ ಹೇಳಿಬಿಟ್ಟರು. ರೋಗಿ ಅರ್ಧ ತಾಸು ತಡ ಮಾಡಿದರೆ ಅವನ ಪಾಳಿ ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗಬೇಕು. ಕಂಪ್ಯೂಟರಿನ ಚೀಟಿ ಇಲ್ಲದೆ ಸ್ಟೋರಿನಿಂದ ನಳಿಗೆ, ಫಿಲ್ಟರ್ ಯಾವುದೂ ಹೊರಗೆ ಬರಬಾರದು. "ಶಿಸ್ತು ಬೇಕ್ರಿ ಮೇಡಂ. ಇಲ್ಲಾಂದ್ರೆ ಇದು ಸಂತಿ ಆಗ್ತೈತೆ" ಎಂದರು. ನಾನು ಎಲ್ಲವನ್ನೂ ಬರೆದುಕೊಂಡೆ. ಆದರೆ ಮ್ಯಾನೇಜರ್ ಬಾಯಿಂದ ಕೇಳಿದ್ದನ್ನಷ್ಟೇ ಬರೆದು ಸುಮ್ಮನಾಗುವ ಪೈಕಿ ನಾನಲ್ಲವಲ್ಲ! ಕೆಲಸ ಮಾಡುವವರ ಹತ್ತಿರ ಕೂತು ನೋಡಬೇಕು ಎಂದು ಹಟ ಹಿಡಿದು, ಒಂದು ಶುಕ್ರವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ.

ಅಲ್ಲಿ ಇದ್ದದ್ದು ಒಬ್ಬನೇ ಟೆಕ್ನಿಷಿಯನ್. ನಲವತ್ತು ದಾಟಿದವನು, ಆವರಗೆರೆಯಿಂದ ದಿನಾ ಬೈಕಿನಲ್ಲಿ ಬರುತ್ತಿದ್ದ. ಸೂಜಿ ಚುಚ್ಚುವಾಗ ರೋಗಿಯ ಮಗಳ ಮದುವೆ, ಎಮ್ಮೆ ಈದಿದ್ದು ಎಲ್ಲಾ ವಿಚಾರಿಸುತ್ತಿದ್ದ. ರಿಜಿಸ್ಟರಿನ ಪ್ರಕಾರ ಮೂರನೇ ಹಾಸಿಗೆಯಲ್ಲಿ ಏಳು ಗಂಟೆಗೆ ಹತ್ತಿರದ ಸಾರಥಿ ಎಂಬ ಹಳ್ಳಿಯ ಹೆಂಗಸೊಬ್ಬರು ಇರಬೇಕಿತ್ತು. ಮಲಗಿದ್ದವರು ಬಿಳಿ ಗಡ್ಡದ ಅಜ್ಜ, ಹಿಂದೆ ಹರಿಹರದಲ್ಲಿ ಟೇಲರ್ ಆಗಿದ್ದವರು.

"ಇವರದ್ದು ಹನ್ನೆರಡರ ಪಾಳಿ ಅಲ್ವಾ?" ಎಂದು ಕೇಳಿದೆ.

ಟೆಕ್ನಿಷಿಯನ್ ನಕ್ಕ. "ಶುಕ್ರವಾರ ಮಾತ್ರ ಅದ್ಲುಬದ್ಲು ಮೇಡಂ. ಸಾಹೇಬ್ರಿಗೆ ಮಧ್ಯಾಹ್ನ ನಮಾಜು ಐತೆ. ಆಯಮ್ಮಂಗೆ ಬೆಳಿಗ್ಗೆ ಖಾನಾವಳಿಗೆ ರೊಟ್ಟಿ ಕೊಡದು ಐತೆ. ಅವರವರೇ ಮಾತಾಡಿಕೊಂಡಾರೆ. ನಾಲ್ಕು ವರ್ಷಾತು, ಒಂದ್ ದಿನ ತಪ್ಪಿಲ್ಲ." ಗೋಡೆಯ ಕ್ಯಾಲೆಂಡರ್ ಎತ್ತಿ ಅದರ ಬೆನ್ನ ಹಾಳೆ ತೋರಿಸಿದ. ಅಲ್ಲಿ ಪೆನ್ಸಿಲ್ಲಿನಲ್ಲಿ ಯಾರು ಯಾರ ಪಾಳಿಗೆ ಎಂದು ಗೀಟು ಎಳೆದಿದ್ದ. ಅವರಿಬ್ಬರದೇ ಅಲ್ಲ, ಇನ್ನೂ ಐದಾರು ಜೋಡಿಗಳಿದ್ದವು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರೂ ಅವರವರ ಹೊತ್ತಿಗೇ ಬಂದಿದ್ದರು.

ಮಧ್ಯಾಹ್ನ ಆ ಹೆಂಗಸು ಬಂದರು. ಐವತ್ತೈದರ ಆಸುಪಾಸು. ಖಾಲಿ ರೊಟ್ಟಿ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿ, ಸೀರೆಗೆ ಅಂಟಿದ ಹಿಟ್ಟು ಝಾಡಿಸಿಕೊಂಡು ಮಲಗಿದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಪ್ರಶ್ನೆ ಕೇಳುತ್ತಾ ಹೋದೆ. "ಏನ್ ತಂಗಿ, ಪೊಲೀಸ್ನೋರು ಕೇಳ್ದಂಗೆ ಕೇಳ್ತೀಯಲ್ಲ!" ಎಂದು ನಕ್ಕರು. ಪಾಳಿ ಬದಲಿನ ಬಗ್ಗೆ ಕೇಳಿದಾಗ "ಸಾಹೇಬ್ರು ಒಂದ್ಸಲ ಕೈ ಮುಗ್ದು ಕೇಳಿದ್ರು. ದೇವ್ರ ಕೆಲ್ಸಕ್ಕೆ ಬ್ಯಾಡ ಅನ್ನಾಕಾಗ್ತೈತಾ? ನಂಗೂ ರೊಟ್ಟಿ ಕೊಡಾಕೆ ಅನುಕೂಲ ಆತು" ಎಂದರು. ನನ್ನ ಎದುರಿಗೇ ಟೆಕ್ನಿಷಿಯನ್ ಅವರ ಕೈಗೆ ಸೂಜಿ ಚುಚ್ಚಿದ. ಆಗ ಹನ್ನೆರಡೂಕಾಲು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಹಿಗ್ಗೋ ಹಿಗ್ಗು. ಮ್ಯಾನೇಜರ್ ಹೇಳದಿದ್ದುದನ್ನು ನಾನು ಹಿಡಿದಿದ್ದೆ. ಆಫೀಸಿಗೆ ಬಂದವಳೇ ಕೂತು ನಲವತ್ತೊಂದನೇ ಸಾಲು ಬರೆದೆ: "ರೋಗಿಗಳಿಬ್ಬರು ಒಪ್ಪಿದರೆ ಆ ದಿನದ ಮಟ್ಟಿಗೆ ಪಾಳಿ ಬದಲಿಸಿಕೊಳ್ಳಲು ಅವಕಾಶವಿರಬೇಕು." ಎದುರಿನ ಕಾಲಂನಲ್ಲಿ "ಟೆಕ್ನಿಷಿಯನ್" ಎಂದು ತುಂಬಿದೆ. ಸಾಲು ಸ್ಪಷ್ಟ, ಪರೀಕ್ಷಿಸಲು ಬರುವಂಥದ್ದು, ಮೂಲವೂ ಇದೆ. ಇದಕ್ಕಿಂತ ಒಳ್ಳೆಯ ಸಾಲನ್ನು ನಾನು ಬರೆದೇ ಇರಲಿಲ್ಲ.

ಪಟ್ಟಿಗೆ ಒಪ್ಪಿಗೆ ಪಡೆಯುವ ಸಭೆ ಹರಿಹರದಲ್ಲೇ, ಮ್ಯಾನೇಜರ್ ಕೋಣೆಯಲ್ಲಿ ಆಯಿತು. ಬಳಸುವವರೂ ಸಭೆಯಲ್ಲಿರಬೇಕು ಎಂದು ಟೆಕ್ನಿಷಿಯನ್ನನ್ನು ಕರೆಸಿದ್ದು ನಾನೇ. ಅವನು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ನಾನು ಒಂದೊಂದೇ ಸಾಲು ಓದುತ್ತಾ ಬಂದೆ. ನಲವತ್ತೊಂದಕ್ಕೆ ಬಂದಾಗ ಮ್ಯಾನೇಜರ್ ಕೈ ಎತ್ತಿದರು.

"ಇದೇನ್ರಿ ಇದು? ನಮ್ಮಲ್ಲಿ ಹಿಂಗೆಲ್ಲಾ ನಡಿಯಂಗೇ ಇಲ್ಲ. ನಾಳೆ ತಪಾಸಣೆಗೆ ಬಂದೋರು ಒಬ್ಬರ ಹೆಸ್ರಿನಾಗೆ ಇನ್ನೊಬ್ರು ಮಲಗ್ಯಾರೆ ಅಂದ್ರೆ ನನ್ನ ಗತಿ ಏನು? ಯಾರು ಹೇಳಿದ್ದು ನಿಮಗೆ?"

ಯಾರು ಹೇಳಿದ್ದು! ಕೇಳಿದ ಪ್ರಶ್ನೆಗೆ ಉತ್ತರ ಕಾಲಂನಲ್ಲೇ ಇತ್ತು. ಪರದೆ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಮ್ಯಾನೇಜರ್ ಅದನ್ನು ಓದಿ, ಕುರ್ಚಿ ತಿರುಗಿಸಿ, ಬಾಗಿಲ ಕಡೆ ನೋಡಿದರು. "ನೀನೇನಪ್ಪಾ ಹೇಳಿದ್ದು? ಇಲ್ಲಿ ಪಾಳಿ ಅದ್ಲುಬದ್ಲು ಮಾಡ್ತೀಯಾ ನೀನು?"

ಟೆಕ್ನಿಷಿಯನ್ ಎದ್ದು ನಿಂತ. "ಇಲ್ಲ ಸರ್. ನಾನು ಹಂಗೆ ಹೇಳಿಲ್ಲ."

ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಕ್ಯಾಲೆಂಡರ್ ಎತ್ತಿ ತೋರಿಸಿದ ಮನುಷ್ಯ, ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಿದ್ದಾನೆ! ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. "ಮೇಡಂ, ಹೇಳಿದೋರೇ ಇಲ್ಲ ಅಂದ ಮ್ಯಾಲೆ ನಿಮ್ಮ ನಿಯಮ ಏನು ಹೇಳ್ತೈತೆ?" ಎಂದು ಎಲ್ಲರೆದುರು ಕೇಳಿದರು. ನನ್ನ ನಿಯಮವನ್ನು ನನ್ನ ಮುಖಕ್ಕೇ ಹಿಡಿಯುವ ಅವಕಾಶಕ್ಕೆ ಎಷ್ಟು ದಿನದಿಂದ ಕಾಯುತ್ತಿದ್ದರೋ ಏನೋ, ಮುಖ ಅರಳಿತ್ತು.

ನಿಯಮ ಅಂದರೆ ನಿಯಮ. ನಾನೇ ಕೀಬೋರ್ಡ್ ಎಳೆದುಕೊಂಡು ಆ ಸಾಲನ್ನು ಅಳಿಸಿದೆ. ಕೊನೆಯಲ್ಲಿ "ಎಲ್ಲಾ ಅಗತ್ಯಗಳನ್ನೂ ಬಳಕೆದಾರರೊಂದಿಗೆ ಪರಿಶೀಲಿಸಲಾಗಿದೆ" ಎಂಬ ಹಾಳೆಗೆ ಸಹಿಯನ್ನೂ ಹಾಕಿದೆ.

ಮೆಟ್ಟಿಲಲ್ಲಿ ಟೆಕ್ನಿಷಿಯನ್ ನನ್ನ ಹಿಂದೆ ಓಡಿ ಬಂದ. "ಮೇಡಂ, ನನ್ನ ಹೆಸ್ರು ಯಾಕ ಹಾಕಿದ್ರಿ?"

"ಹೆಸರು ಎಲ್ಲಿ ಹಾಕಿದ್ದೀನಿ? ಹುದ್ದೆ ಹಾಕಿದ್ದೀನಿ."

"ಆ ಹುದ್ದೆಯಾಗೆ ಇರೋನು ನಾನೊಬ್ನೇ ಅಲ್ಲೇನ್ರಿ? ಎರಡು ಮಕ್ಕಳು ಓದ್ತಾವೆ ಮೇಡಂ. ಆಯಪ್ಪನ ಎದುರಿಗೆ ನಿಲ್ಲಿಸಿ ಕೇಳಿದ್ರೆ ನಾನು ಏನ್ ಅನ್ನಬೇಕಿತ್ತು?"

"ನಿಜ ಅನ್ನಬೇಕಿತ್ತು" ಎಂದು ಹೇಳಿ ಇಳಿದುಬಿಟ್ಟೆ. ದಾವಣಗೆರೆ ಬರುವವರೆಗೂ ಅವನನ್ನು ಮನಸ್ಸಿನಲ್ಲೇ ಬೈದೆ. ಹೇಡಿ, ಸುಳ್ಳ, ಎರಡು ನಾಲಗೆಯವನು ಎಂದೆಲ್ಲಾ ಬೈದೆ. ಸಾರಥಿಯ ಹೆಂಗಸು ಮುಂದಿನ ಶುಕ್ರವಾರಗಳಲ್ಲಿ ಏನು ಮಾಡುತ್ತಾರೆ ಎಂಬ ಯೋಚನೆ ಆ ಬೈಗುಳದ ನಡುವೆ ಒಂದು ಸಲವೂ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಎರಡು ತಿಂಗಳಲ್ಲಿ ಸಾಫ್ಟ್‌ವೇರ್ ಸಿದ್ಧವಾಯಿತು. ಒಂದು ಬುಧವಾರ ಕೇಂದ್ರದಲ್ಲಿ ಪೂಜೆ ಮಾಡಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಪೇಡಾ ಹಂಚಿದರು. ಮೊದಲ ಹದಿನೈದು ದಿನ ಏನಾದರೂ ಸಿಕ್ಕಿಹಾಕಿಕೊಂಡರೆ ಬಿಡಿಸಲು ಎಲ್ಲಾ ಅಧಿಕಾರವಿರುವ ಪಾಸ್‌ವರ್ಡ್ ನನ್ನ ಹತ್ತಿರ ಇತ್ತು. ಯಾವ ಪಾಳಿಯನ್ನಾದರೂ ನಾನು ಕೂತಲ್ಲಿಂದಲೇ ತೆರೆಯಬಹುದಿತ್ತು, ಮುಚ್ಚಬಹುದಿತ್ತು. ಪೂಜೆಯ ದಿನ ಎಲ್ಲರಿಗೂ ಅದನ್ನು ಹೇಳಿಯೂ ಇದ್ದೆ. ಪಾಳಿಯ ಚೀಟಿಗಳನ್ನು ಮುದ್ರಿಸಿ ಕೊಡಲು ಕೇಂದ್ರದವರು ಹೊಸದಾಗಿ ಒಬ್ಬ ಹುಡುಗಿಯನ್ನು ಕೌಂಟರಿಗೆ ಕೂರಿಸಿದ್ದರು.

ಶುಕ್ರವಾರ ಬಂತು. ಬೆಳಿಗ್ಗೆ ಏಳಕ್ಕೆ ಟೇಲರ್ ಅಜ್ಜ ಕೇಂದ್ರಕ್ಕೆ ಹೋದರು. ಕಂಪ್ಯೂಟರ್ ಅವರ ಹೆಸರಿನ ಎದುರು ಹನ್ನೆರಡು ಗಂಟೆ ಎಂದು ತೋರಿಸಿತು. ಕೌಂಟರಿನ ಹುಡುಗಿ "ಮಧ್ಯಾಹ್ನ ಬರ್ರಿ" ಎಂದು ಕಳಿಸಿದಳು. ಏಳೂವರೆಗೆ ಸಾರಥಿಯ ಹೆಂಗಸಿನ ಹೆಸರು ಕೆಂಪಾಗಿ ಗೈರುಹಾಜರಿ ಬಿತ್ತು, ಪಾಳಿ ತಾನಾಗಿಯೇ ಕಾಯುವ ಪಟ್ಟಿಯಲ್ಲಿದ್ದ ಬೇರೆಯವರಿಗೆ ಹೋಯಿತು. ನಾವು ಹೇಗೆ ಬರೆದಿದ್ದೆವೋ ಅದು ಹಾಗೇ ಮಾಡಿತು, ಒಂದಿಷ್ಟೂ ತಪ್ಪಿಲ್ಲ. ಹನ್ನೆರಡಕ್ಕೆ ಅಜ್ಜ ನಮಾಜು ಬಿಟ್ಟು ಬಂದು ತಮ್ಮ ಹಾಸಿಗೆಯಲ್ಲಿ ಮಲಗಿದರು. ಖಾನಾವಳಿಗೆ ರೊಟ್ಟಿ ಕೊಟ್ಟು ಬಂದ ಹೆಂಗಸಿಗೆ ಹಾಸಿಗೆ ಇರಲಿಲ್ಲ. ಮುಂದಿನ ಪಾಳಿ ಮಂಗಳವಾರ ಎಂದು ಚೀಟಿ ಬಂತು.

ನಾಲ್ಕರ ನಂತರ ಒಂದು ಯಂತ್ರ ಖಾಲಿ ಇತ್ತು. ಟೆಕ್ನಿಷಿಯನ್ ಅದನ್ನೇ ಆ ಹೆಂಗಸಿಗೆ ಹಚ್ಚಿಬಿಡೋಣವೆಂದರೆ ಚೀಟಿ ಇಲ್ಲದೆ ಸ್ಟೋರಿನವನು ನಳಿಗೆ ಕೊಡಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದರೆ "ಕಂಪ್ಯೂಟರ್ ಏನ್ ಹೇಳ್ತೈತೋ ಅದೇ" ಎಂದರಂತೆ. ಆಗ ಟೆಕ್ನಿಷಿಯನ್ ನನಗೆ ಫೋನ್ ಮಾಡಿದ.

ನಾನು ಸೀಟಿನಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಅವನ ಹೆಸರು ಕಂಡ ಕೂಡಲೇ ಮೆಟ್ಟಿಲ ಮೇಲಿನ ಸಿಟ್ಟೆಲ್ಲಾ ವಾಪಸ್ಸು ಬಂತು.

"ಮೇಡಂ, ಸಾರಥಿ ಅಮ್ಮಂಗೆ ಪಾಳಿ ತಪ್ಪೈತೆ. ನಾಲ್ಕರ ಮ್ಯಾಲೆ ಯಂತ್ರ ಖಾಲಿ ಐತೆ. ನೀವು ಅಲ್ಲಿಂದ ಒಂದು ಚೀಟಿ ತೆಗೀರಿ ಮೇಡಂ. ನಿಮ್ಮ ಕೈಲಿ ಆಗ್ತೈತೆ ಅಂತ ಹೇಳಿದ್ರಿ."

"ಪಾಳಿ ಬದಲು ಅನ್ನೋದೇ ಇಲ್ಲ ಅಂದವರು ನೀವೇ ಅಲ್ವಾ?" ಎಂದೆ.

"ಅದು ಬಿಡ್ರಿ ಈಗ. ಆಯಮ್ಮ ಇಲ್ಲೇ ಬೆಂಚಿನ ಮ್ಯಾಲೆ ಕುಂತಾರೆ."

"ಬಿಡೋದು ಹೆಂಗೆ? ಅವತ್ತು ಬೇಡವಾದದ್ದು ಇವತ್ತು ಬೇಕಾಯ್ತಾ? ಬದಲಾವಣೆ ಬೇಕಾದ್ರೆ ನಿಮ್ಮ ಮ್ಯಾನೇಜರ್ ಕಡೆಯಿಂದ ಒಂದು ಮೇಲ್ ಕಳಿಸ್ರಿ. ಸೋಮವಾರ ನೋಡ್ತೀನಿ."

"ಮೇಡಂ, ನಿಮ್ಮ ಕೈ ಮುಗೀತೀನಿ..."

ಫೋನ್ ಇಟ್ಟೆ. ಸರಿಯಾಗಿ ಬಿಸಿ ಮುಟ್ಟಿಸಿದೆ ಅನ್ನಿಸಿತು. ಹಾಂ, ಖುಷಿಯೇ ಆಯಿತು. ಉಳಿದ ಮಂಡಕ್ಕಿ ತಿಂದೆ. ಎರಡು ನಿಮಿಷದ ಕೆಲಸ ಅದು, ಪಾಸ್‌ವರ್ಡ್ ಒತ್ತಿದ್ದರೆ ಆಗುತ್ತಿತ್ತು.

ಹೆಂಗಸು ಐದರ ಬಸ್ಸಿಗೆ ಸಾರಥಿಗೆ ಹೋದರು. ಶನಿವಾರ ಮುಖ ಊದಿತು. ಭಾನುವಾರ ಮಲಗಿದರೆ ಉಸಿರಾಡಲು ಆಗದೆ ಗೋಡೆಗೆ ಒರಗಿ ಕೂತರು. ಸೋಮವಾರ ಬೆಳಿಗ್ಗೆ ಮಗ ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ತಂದ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಬಾಯಿಗೆ ನಳಿಗೆ ಹಾಕಿ, ನಾಲ್ಕು ದಿನ ಐಸಿಯುನಲ್ಲಿ ಇಟ್ಟುಕೊಂಡರು. ಜೀವ ಉಳಿಯಿತು.

ಆ ಸೋಮವಾರ ಹನ್ನೊಂದಕ್ಕೆ ಮ್ಯಾನೇಜರ್ ಯಜಮಾನರಿಗೆ ಫೋನ್ ಮಾಡಿದಾಗ ನಮಗೆ ಸುದ್ದಿ ಗೊತ್ತಾಯಿತು. ಯಜಮಾನರು ಮೊದಲು ಕೇಳಿದ್ದು ಸಹಿ ಹಾಕಿದ ಹಾಳೆ ಎಲ್ಲಿದೆ ಎಂದು. ಅದು ಸಿಕ್ಕ ಮೇಲೆ ನಿರಾಳವಾದರು. "ನಮ್ಮದೇನೂ ತಪ್ಪಿಲ್ಲ. ಪಟ್ಟಿ ಹೆಂಗೈತೋ ಹಂಗೇ ಕಟ್ಟೀವಿ. ಮುಚ್ಚಿಟ್ಟೋನು ಅವನು" ಎಂದರು. ವರದಿಯಲ್ಲೂ ಹಾಗೇ ಬರೆಸಿದರು: ಬಳಕೆದಾರರು ಪರಿಶೀಲನಾ ಸಭೆಯಲ್ಲಿ ಮಾಹಿತಿ ಮರೆಮಾಚಿದ್ದಾರೆ. ಟೆಕ್ನಿಷಿಯನ್ನನ್ನು ಆ ವಾರವೇ ಕೆಲಸದಿಂದ ತೆಗೆದರು. ಅವನ ಕ್ಯಾಲೆಂಡರ್ ಹಾಳೆಯೇ ಅವನ ಮೇಲಿನ ಸಾಕ್ಷಿಯಾಯಿತು.

ಆ ವರದಿಗೆ ನಾನು ಸಹಿ ಹಾಕಲಿಲ್ಲ. "ಫೋನ್ ಬಂದಿತ್ತು, ನಾನು ಚೀಟಿ ಕೊಡಲಿಲ್ಲ, ಅದನ್ನೂ ಬರೆಯಿರಿ" ಎಂದು ಜಗಳ ತೆಗೆದೆ. ಯಜಮಾನರು "ನಿಮಗೇನು ಹುಚ್ಚಾ? ಊರ ಮಾರಿ ಎಳ್ಕೊಂಡು ಬಂದು ನಮ್ಮ ಅಂಗಡಿಗೆ ಹಾಕ್ತೀರಾ?" ಎಂದು ಕೂಗಿದರು. ನಾನೂ ಕೂಗಿದೆ. ಟೈಲ್ಸ್ ಅಂಗಡಿಯವರು ಮೇಲೆ ಬಂದು ನೋಡಿಹೋದರು. ವರದಿ ನನ್ನ ಸಹಿ ಇಲ್ಲದೆಯೇ ಹೋಯಿತು, ಅದನ್ನು ಯಾರೂ ಕೇಳಲೂ ಇಲ್ಲ. ಪಾಳಿ ಬದಲಿಗೆ ಮಾತ್ರ ಹೊಸ ಸಾಲು ಬಂತು. ಎರಡು ದಿನ ಮುಂಚೆ ಅರ್ಜಿ ಕೊಡಬೇಕು, ಇಬ್ಬರ ಸಹಿ ಬೇಕು, ಮ್ಯಾನೇಜರ್ ಒಪ್ಪಬೇಕು. ಈ ಸಲ ಎದುರಿನ ಕಾಲಂನಲ್ಲಿ "ಮ್ಯಾನೇಜರ್" ಎಂದಿತ್ತು.

ಮೂರು ವಾರದ ಮೇಲೆ, ಒಂದು ಮಂಗಳವಾರ, ರಜೆ ಹಾಕಿ ಹರಿಹರಕ್ಕೆ ಹೋದೆ. ಸಾರಥಿಯ ಹೆಂಗಸು ಮೂರನೇ ಹಾಸಿಗೆಯಲ್ಲಿ ಮಲಗಿದ್ದರು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಸೂಜಿ ಹಾಕಲು ಹೊಸಬರು ಬಂದಿದ್ದರು, ಏನೂ ವಿಚಾರಿಸದೆ ಹಾಕಿ ಹೋದರು. ನಾನು ಅದೇ ಸ್ಟೂಲಿನಲ್ಲಿ ಕೂತು, ನಾನು ಯಾರು ಎಂದು ಹೇಳಿ, ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರು ಬಂತು. ಬಂದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಅವರು ಕೇಳಿದರು: "ಮೊದ್ಲು ಸೂಜಿ ಹಾಕ್ತಿದ್ದ ಆ ಹುಡುಗ ಹೇಳಿಲ್ಲ ಅಂದ ಅಂತ ನಮ್ಮ ಅದ್ಲುಬದ್ಲಿನ ಸಾಲು ಅಳಿಸಿದೆಯಂತೆ. ಹೌದಾ?"

"ಹೌದಮ್ಮ. ಹೇಳಿದವರು ಇಲ್ಲದಿದ್ದರೆ ಸಾಲು ಇಟ್ಟುಕೊಳ್ಳುವ ಹಾಗಿಲ್ಲ. ಅವನು ಅವತ್ತು ಧೈರ್ಯ ಮಾಡಿದ್ದರೆ..."

"ಅವನ್ನ ಬಿಡು. ಅವಂಗೆ ಹೊಟ್ಟೆಪಾಡು." ತಲೆ ನನ್ನ ಕಡೆ ಹೊರಳಿಸಿದರು. "ಅವತ್ತು ನನ್ನ ಕೈಗೆ ಸೂಜಿ ಹಾಕಿದಾಗ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ."

"ಎಷ್ಟೊತ್ತಾಗಿತ್ತು?"

"ಹನ್ನೆರಡೂಕಾಲು."

"ಮತ್ತೆ? ನಾನೇ ನೋಡೀನಿ ಅಂತ ಅನ್ನಾಕೆ ನಿನಗೇನಾಗಿತ್ತು?"

ಆ ಕಾಲಂನಲ್ಲಿ ನನ್ನ ಹೆಸರು ಬರೆಯಬಾರದು ಎಂದು ಯಾರೂ ಹೇಳಿರಲಿಲ್ಲ. ಅದನ್ನು ಮಾಡಿದವಳೇ ನಾನು. ನನಗೆ ಹೊಳೆದೇ ಇರಲಿಲ್ಲ ಎಂದು ಹೇಳಲು ಹೋದೆ, ಆದರೆ ಅದು ಪೂರ್ತಿ ನಿಜವಲ್ಲ ಎಂದು ನನಗೇ ಗೊತ್ತಿತ್ತು. ಬೇರೆಯವರ ಬಾಯಿಂದಲೇ ನಿಜ ಬರಲಿ ಎಂದು ಕೂತಿದ್ದೆ, ಬರದಿದ್ದಾಗ ಬೈದೆ.

"ಹೋಗವ್ವ, ಹೋಗು. ನಂಗೆ ಇನ್ನೂ ಎರಡು ತಾಸು ಐತೆ" ಎಂದು ಅವರು ಗೋಡೆಯ ಕಡೆ ಮುಖ ಮಾಡಿದರು.